ಅಪ್ಪನ ಹಲ್ಲು

ನಮ್ಮಪ್ಪನ ಹಲ್ಲು ಉದುರಿಸಿದ್ದು ಒಂದು ಕುದುರೆ.
ಹೆಸರು ಡಚೆಸ್. ಬೂದು ಬಣ್ಣ. ಒಳ್ಳೆಯ ಕುದುರೆಯಂತೆ.
ನೆಬ್ರಾಸ್ಕದಿಂದ ಗೂಡ್ಸ್ ರೈಲಿನಲ್ಲಿ
ಹನ್ನೆರಡು ಕುದುರೆಗಳ ಜೊತೆ ಹದಿಮೂರನೆಯವನಾಗಿ
ಬಂದಿಳಿದಿದ್ದ, ಲಾಳ ಕಟ್ಟುವ ಕೆಲಸಕ್ಕೆ.
ಈಡನ್‌ಡೇಲಿನ ಗುಡ್ಡದಡಿ ಯಾರೋ ಸುಳ್ಳು ಗುಂಡು ಹಾರಿಸಿದರು,
ಡಚೆಸ್ ನಿಜವಾಗಿ ಬೆದರಿತು.
ಅವನಿಗಾಗ ಮೂವತ್ತೊಂದು.

ರಕ್ತ ನಿಂತು, ಬಾವು ಇಳಿದ ಮೇಲೆ
ತುಟಿ ಒಳಗೆ ಕುಸಿಯಿತು,
ಗದ್ದ ಮೂಗನ್ನು ಹುಡುಕಿಕೊಂಡು ಮೇಲೆ ಬಂತು.
ನಿರ್ದೇಶಕ ನೋಡಿದ. ಚುರುಟು ಬಾಯಿಂದ ತೆಗೆದ.
"ಯಾರೀ ಮುದುಕ? ಕೂರಿಸಿ ಅವನನ್ನ ಬಾವಿಕಟ್ಟೆ ಮೇಲೆ."

ಹಲ್ಲಿದ್ದಾಗ ಕಡಲೆ ಇರಲಿಲ್ಲ ನಮ್ಮಲ್ಲಿ.
ಹಲ್ಲು ಹೋದಮೇಲೇ ಕಡಲೆ ಬಂತು:
ದಿನಕ್ಕೆ ಐದು ಡಾಲರ್, ಮಧ್ಯಾಹ್ನದ ಊಟ,
ಸತ್ತರೆ ಎರಡು ಡಾಲರ್ ಮೇಲೆ.

ಸತ್ತ. ಎಷ್ಟು ಸಲ ಅಂತೀರಿ,
ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಿದ್ದಾಳೆ:
ಮಾರ್ಚ್ ಒಂಬತ್ತು, ಜ್ವರ.
ಏಪ್ರಿಲ್ ಎರಡು, ಬಾಣ.
ಏಪ್ರಿಲ್ ಇಪ್ಪತ್ತು, ಮಗ ಮನೆಗೆ ಬಂದ ಸಂತೋಷಕ್ಕೆ.
ಜೂನ್, ಗೊತ್ತಿಲ್ಲ, ಕೇಳಬೇಕು.
ಒಟ್ಟು ನಲವತ್ತೊಂದು. ಎಂಬತ್ತೆರಡು ಡಾಲರ್.
ನನ್ನ ಶಾಲೆಯ ಬೂಟು ಅದರಲ್ಲಿ. ಹೊಲಿಗೆ ಮಷೀನು ಅದರಲ್ಲಿ.

ಸಂಜೆ ಟ್ರಾಮಿನ ಕೊನೆಯ ಸೀಟಿನಲ್ಲಿ
ಕರವಸ್ತ್ರ ಬಿಚ್ಚಿ, ಸೆಟ್ಟು ತೆಗೆದು, ಬಾಯಿಗಿಟ್ಟು
ಐವತ್ತು ವರ್ಷ ಅಲ್ಲೇ ಕೆಡವಿ ಇಳಿಯುತ್ತಿದ್ದ.
ಎರಡೆರಡು ಮೆಟ್ಟಿಲು ಹಾರಿ ಗುಡ್ಡ ಹತ್ತುತ್ತಿದ್ದ.
ನಾನು ಕಿಟಕಿಯಲ್ಲಿ ಕಾಯುತ್ತಿದ್ದೆ
ಇವತ್ತು ಯಾವ ಅಪ್ಪ ಬರುತ್ತಾನೆ ಅಂತ.

ಹೆಸರು ಪರದೆಯ ಮೇಲೆ ಬಂದದ್ದು ಒಂದೇ ಸಲ.
ರಾಸ್ಮುಸ್ ಹೋಲ್ಗಾರ್ಡ್ ಎಂಬುದು
ಮಿಸ್ ರೋಸ್ ಹಾಲ್‌ಗೇಟ್ ಆಗಿತ್ತು.
ಅಮ್ಮ ಕತ್ತಲೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು.
"ಯಾರೇ ಆಗಲಿ," ಅಂದಳು, "ಹಣ ಕೊಟ್ಟಿದ್ದಾರೆ."

ಸಿನಿಮಾಕ್ಕೆ ಮಾತು ಬಂದಾಗ ಎಲ್ಲರಿಗೂ ನಡುಕ.
ಅಪ್ಪನ ಬಾಯಲ್ಲಿ 'ಸ' ಎಂದರೆ ಸೀಟಿ.
ಧ್ವನಿಯವನು ಕಿವಿಯಿಂದ ಯಂತ್ರ ಕಿತ್ತು ನಕ್ಕ,
ಆಮೇಲೆ ಆ ಸೀಟಿಯನ್ನೇ ಕೇಳಿ ಕೇಳಿ ಕರೆದರು.
ನ್ಯಾಯಾಧೀಶ, ಗೋರಿ ತೋಡುವವ, ಕುರುಡ ಅಂಚೆಯವ.
ಮದುವೆ ಗಂಡು ಒಂದು ಸಲವೂ ಅಲ್ಲ.

ಹೀಗೇ ಇದ್ದು, ಅರವತ್ತೆಂಟಾಯಿತು.
ಸ್ಟುಡಿಯೋದ ಗೇಟಿನಲ್ಲಿ ಒಬ್ಬ ಚಿಕ್ಕ ವಯಸ್ಸಿನವನು,
ಮರ್ಯಾದಸ್ಥನೇ, ಹೇಳಿದ:
"ನೀವೀಗ ಮುದುಕನ ಹಾಗೆ ಕಾಣುತ್ತಿಲ್ಲ ಹೋಲ್ಗಾರ್ಡ್,
ಬರಿ ವಯಸ್ಸಾದವರ ಹಾಗೆ ಕಾಣುತ್ತೀರಿ."

ಪಾತ್ರ ಇಪ್ಪತ್ತಾರರ ಒಬ್ಬ ಹುಡುಗನಿಗೆ ಹೋಯಿತು,
ಮುಖಕ್ಕೆ ರಬ್ಬರಿನ ಸುಕ್ಕು.
ಪಾಪ, ಅವನು ಮನೆಗೇ ಬಂದ, ಕಲಿಸಿ ಅಂತ,
ಒಂದು ಡಜನ್ ಕಿತ್ತಳೆ ಹಿಡಿದು.
ಅಪ್ಪ ಕುರ್ಚಿಯಲ್ಲಿ ಕೂತು ತೋರಿಸಿದ:
ಮೊದಲು ಕೈ ಮೊಣಕಾಲಿಗೆ, ಕುರ್ಚಿಗಲ್ಲ.
ನಿಟ್ಟುಸಿರು ಎದ್ದಮೇಲೆ, ಏಳುವ ಮುಂಚೆ ಅಲ್ಲ.
ಬಾಗಿಲನ್ನು ನೋಡು, ದೂರ ಅನ್ನಿಸಬೇಕು.
ಎದ್ದ. ಆಗಲಿಲ್ಲ. ಮತ್ತೆ ಎದ್ದ.
ಆಗಲಿಲ್ಲ.
ಹುಡುಗ ಮೆಚ್ಚಿ ತಲೆದೂಗಿ
ಪುಸ್ತಕದಲ್ಲಿ ಬರೆದುಕೊಂಡ:
ಎರಡನೇ ಸಲವೂ ಏಳಲಾಗಬಾರದು.

ನಲವತ್ತೆರಡನೆಯ ಸಾವು ತೀರಾ ಕಳಪೆ.
ಕೈ ಎತ್ತಲಿಲ್ಲ, ಯಾರನ್ನೂ ಕ್ಷಮಿಸಲಿಲ್ಲ,
ಟ್ರಾಮ್ ಹೋಯಿತಾ ಅಂತ ಕೇಳಿದ, ಅಷ್ಟೆ.
ನಾನು ಇನ್ನೇನೋ ಬರುತ್ತದೆ ಅಂತ ಕಾಯುತ್ತಲೇ ಇದ್ದೆ,
ನರ್ಸು ಬಂದು ಕಿಟಕಿ ತೆರೆದಳು.

ಶವಾಗಾರದವನು ಬಾಗಿಲಲ್ಲಿ ಟೋಪಿ ತಿರುಗಿಸುತ್ತ ಕೇಳಿದ,
ಹಲ್ಲು ಹಾಕುವುದೋ, ಬೇಡವೋ?
ನನ್ನ ಕೈಯಲ್ಲಿ ನೀರಿನ ಲೋಟ. ಅದರೊಳಗೆ
ಮೂವತ್ತೊಂದು ವರ್ಷದವನೊಬ್ಬನ ನಗು.
ಅಮ್ಮ ಒಳಗಿನಿಂದಲೇ ಅಂದಳು:
"ಹಾಕು.
ಇವತ್ತೇನು ಕೆಲಸಕ್ಕೆ ಹೋಗುತ್ತಿಲ್ಲವಲ್ಲ."